ಪುಣೆಯಲ್ಲಿ ಓದಿದ ಕನ್ನಡದ ಕುಲಪುರೋಹಿತ

ಮಗಳು ಮನೆಯಲ್ಲೂ ಮರಾಠಿಯಲ್ಲೇ ಉತ್ತರಿಸತೊಡಗಿದಾಗ, ಪುಣೆಗೆ ಬಂದು ತಪ್ಪು ಮಾಡಿದೆನೇ ಎನಿಸಿತ್ತು. ಆಗ ನೆನಪಾದವರು ಆಲೂರು ವೆಂಕಟರಾಯರು.

1880ರ ಜುಲೈ 12ರಂದು ವಿಜಯಪುರದಲ್ಲಿ ಹುಟ್ಟಿದ ಅವರೂ ಈ ಊರಿಗೆ ಓದಲು ಬಂದವರೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಮುಂಬೈ ಪ್ರಾಂತ್ಯದ ಕನ್ನಡ ಹುಡುಗರು ಪದವಿಗಾಗಿ ಪುಣೆ, ಮುಂಬೈಗಳ ದಾರಿ ಹಿಡಿಯಬೇಕಿತ್ತು. ಆಲೂರರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1903ರಲ್ಲಿ ಬಿ.ಎ. ಆದರು; 1905ರಲ್ಲಿ ಮುಂಬೈಯಲ್ಲಿ ಕಾನೂನು ಪದವಿ ಪಡೆದರು.

ಮರಾಠಿಗರಿಗೆ ತಮ್ಮ ಭಾಷೆ, ಇತಿಹಾಸಗಳ ಮೇಲಿದ್ದ ಅಭಿಮಾನವನ್ನು ಅವರು ಇಲ್ಲಿ ಹತ್ತಿರದಿಂದ ಕಂಡರು. ಅದನ್ನು ದ್ವೇಷಿಸಲಿಲ್ಲ, ಅದರಲ್ಲಿ ಕರಗಿಹೋಗಲೂ ಇಲ್ಲ. ಧಾರವಾಡಕ್ಕೆ ಮರಳಿ ‘ವಾಗ್ಭೂಷಣ’ ಪತ್ರಿಕೆ ನಡೆಸಿದರು, 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರತಂದರು. ತಿಲಕರ ‘ಗೀತಾರಹಸ್ಯ’ವನ್ನೂ ಕನ್ನಡಕ್ಕೆ ತಂದವರು ಅವರೇ. 1956ರ ಏಕೀಕರಣವನ್ನು ಕಣ್ಣಾರೆ ಕಂಡು, 1964ರ ಫೆಬ್ರವರಿ 25ರಂದು ತೀರಿಕೊಂಡರು.

ಈಗ ಮಗಳ ಮರಾಠಿಗೆ ನಾನು ಅಡ್ಡಿ ಮಾಡುವುದಿಲ್ಲ. ನಾನೇ ಅವಳಿಂದ ನಾಲ್ಕು ಮಾತು ಕಲಿಯುತ್ತೇನೆ. ಆದರೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕನ್ನಡ ಕಾಗುಣಿತ ತಿದ್ದಿಸುವುದನ್ನು ಮಾತ್ರ ಬಿಟ್ಟಿಲ್ಲ. ನಿನ್ನೆ ‘ಕ್ಷ’ ಕಲಿತಳು.