ಬೀಗ ತೆರೆದ ವೈದ್ಯ ಫ್ರಾಂಕೋ ಬಸಾಲಿಯಾ

ಮನೋರೋಗಿಗೆ ಔಷಧ ಎಷ್ಟು ಅಗತ್ಯವೋ ಮನೆ, ದುಡಿಮೆ ಮತ್ತು ನೆರೆಹೊರೆಯೂ ಅಷ್ಟೇ ಅಗತ್ಯ. ಇಂದು ಸಹಜವೆನಿಸುವ ಈ ಮಾತು ಅರ್ಧ ಶತಮಾನದ ಹಿಂದೆ ಅಪಾಯಕಾರಿ ವಿಚಾರವಾಗಿತ್ತು. ಆ ವಿಚಾರವನ್ನು ಕಾರ್ಯರೂಪಕ್ಕೆ ತಂದು, ಅದಕ್ಕಾಗಿ ನ್ಯಾಯಾಲಯದ ಕಟಕಟೆಯನ್ನೂ ಏರಿದವರು ಇಟಲಿಯ ಮನೋವೈದ್ಯ ಫ್ರಾಂಕೋ ಬಸಾಲಿಯಾ.

1924ರ ಮಾರ್ಚ್ 11ರಂದು ವೆನಿಸ್ ನಗರದಲ್ಲಿ ಜನಿಸಿದ ಬಸಾಲಿಯಾ, ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಫ್ಯಾಸಿಸ್ಟ್ ವಿರೋಧಿ ಚಟುವಟಿಕೆಗಾಗಿ ಬಂಧಿತರಾದರು. ಎರಡನೇ ಮಹಾಯುದ್ಧ ಮುಗಿಯುವವರೆಗೆ ಸೆರೆಮನೆಯಲ್ಲಿದ್ದರು. ಪಾಡುವಾ ವಿಶ್ವವಿದ್ಯಾಲಯದಿಂದ 1949ರಲ್ಲಿ ವೈದ್ಯ ಪದವಿ ಪಡೆದ ಮೇಲೆ ಅಲ್ಲಿಯೇ ಮನೋವೈದ್ಯರಾಗಿ ದುಡಿದರು. ಹುಸರ್ಲ್, ಸಾರ್ತ್ರ್ ಅವರ ಗ್ರಂಥಗಳಲ್ಲಿ ಮುಳುಗಿರುತ್ತಿದ್ದ ಅವರನ್ನು ಸಹೋದ್ಯೋಗಿಗಳು ತತ್ತ್ವಜ್ಞಾನಿಯೆಂದು ಕರೆಯುತ್ತಿದ್ದರು.

1961ರಲ್ಲಿ ಯುಗೊಸ್ಲಾವಿಯಾದ ಗಡಿಗೆ ಅಂಟಿಕೊಂಡಿದ್ದ ಗೊರಿಜಿಯಾ ಪಟ್ಟಣದ ಮಾನಸಿಕ ಆಸ್ಪತ್ರೆಗೆ ನಿರ್ದೇಶಕರಾಗಿ ಹೋದಾಗ ಅವರ ಬದುಕು ತಿರುವು ಪಡೆಯಿತು. 1904ರ ಕಾನೂನಿನ ಪ್ರಕಾರ, ತನಗೆ ಅಥವಾ ಪರರಿಗೆ ಅಪಾಯಕಾರಿ ಎನಿಸಿದವರನ್ನು ಅಲ್ಲಿ ಕೂಡಿಹಾಕಲಾಗುತ್ತಿತ್ತು. ಒಳಹೋದವರು ನಾಗರಿಕ ಹಕ್ಕುಗಳನ್ನೇ ಕಳೆದುಕೊಳ್ಳುತ್ತಿದ್ದರು. ಒಳಗೆ ಕಾಲಿಟ್ಟ ಬಸಾಲಿಯಾಗೆ ತಾವು ಅನುಭವಿಸಿದ್ದ ಸೆರೆಮನೆಯ ನೆನಪೇ ಮರುಕಳಿಸಿತು. ರಾತ್ರಿ ಕಟ್ಟಿಹಾಕಲಾದ ರೋಗಿಗಳ ಪಟ್ಟಿಯನ್ನು ಸಹಿಗಾಗಿ ಮುಂದಿಟ್ಟಾಗ ಅವರು ಸಹಿ ಹಾಕಲಿಲ್ಲ.

ಕ್ರಮೇಣ ವಾರ್ಡುಗಳ ಬಾಗಿಲು ತೆರೆದವು. ರೋಗಿಗಳು, ದಾದಿಯರು, ವೈದ್ಯರು ಒಂದೆಡೆ ಕುಳಿತು ಚರ್ಚಿಸುವ ಸಭೆಗಳು ದಿನವೂ ನಡೆಯತೊಡಗಿದವು. ಪತ್ನಿ ಫ್ರಾಂಕಾ ಒಂಗಾರೋ ಬರವಣಿಗೆಯಲ್ಲೂ ಹೋರಾಟದಲ್ಲೂ ಸಮಭಾಗಿಯಾಗಿದ್ದರು. ಈ ಪ್ರಯೋಗ ಕುರಿತು 1968ರಲ್ಲಿ ಪ್ರಕಟವಾದ ಗ್ರಂಥ ಇಟಲಿಯಾದ್ಯಂತ ಸಂಚಲನ ಮೂಡಿಸಿತು.

ಅದೇ ವರ್ಷ ಆಘಾತವೂ ಎದುರಾಯಿತು. ಒಂದು ದಿನದ ಮಟ್ಟಿಗೆ ಮನೆಗೆ ಹೋಗಿದ್ದ ರೋಗಿಯೊಬ್ಬ ತನ್ನ ಹೆಂಡತಿಯನ್ನು ಕೊಂದ. ಬಸಾಲಿಯಾ ವಿರುದ್ಧ ಮೊಕದ್ದಮೆ ಹೂಡಲಾಯಿತು. ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಘೋಷಿಸಿತು. ಬರಿದೇ ಬಿಡುಗಡೆ ಮಾಡಿದರೆ ಸಾಲದು, ಹೊರಗೆ ಆಸರೆ ಇರಬೇಕೆಂಬುದಕ್ಕೆ ಉತ್ತರ ಕಟ್ಟುವ ಅವಕಾಶ ಮುಂದೆ ಟ್ರಿಯೆಸ್ಟ್ ನಗರದಲ್ಲಿ ದೊರೆಯಿತು.

1971ರಲ್ಲಿ ಟ್ರಿಯೆಸ್ಟ್ ಪ್ರಾಂತ್ಯಾಧ್ಯಕ್ಷ ಮಿಕೇಲೆ ಜನೆಟ್ಟಿ ಅವರ ಆಹ್ವಾನದ ಮೇರೆಗೆ ಬಸಾಲಿಯಾ ಸಾನ್ ಜೊವಾನ್ನಿ ಆಸ್ಪತ್ರೆಯ ಹೊಣೆ ಹೊತ್ತರು. ಆಗ ಅಲ್ಲಿದ್ದವರು ಸುಮಾರು 1,200 ಮಂದಿ. ಅವರಲ್ಲಿ ಅನೇಕರಿಗೆ ಹಿಂತಿರುಗಲು ಮನೆಯೇ ಇರಲಿಲ್ಲ. ಅಂಥವರಿಗಾಗಿ ಅತಿಥಿ ಎಂಬ ಹೊಸ ಸ್ಥಾನಮಾನ ಕಲ್ಪಿಸಲಾಯಿತು. ಅತಿಥಿ ಕಾಗದದ ಮೇಲೆ ರೋಗಿಯಲ್ಲ. ಬೇಕಾದಾಗ ಹೊರಹೋಗಬಹುದು, ಬೇರೆ ವಾಸ ಸಿಗುವತನಕ ಅಲ್ಲಿಯೇ ತಂಗಬಹುದು. ಮುಂದಿನ ಹೆಜ್ಜೆ ಸಮೂಹ ಮನೆಗಳು. ಕೆಲವರು ಒಟ್ಟಾಗಿ ಒಂದೇ ಸೂರಿನಡಿ ವಾಸಿಸಿ, ಅಡುಗೆ, ಖರ್ಚುವೆಚ್ಚಗಳನ್ನು ತಾವೇ ನಿಭಾಯಿಸಲು ಕಲಿತರು. ದಾದಿಯರು ಬೇಕಾದಷ್ಟೇ ಒತ್ತಾಸೆ ನೀಡಿದರು.

ಬಾಡಿಗೆಗೂ ಊಟಕ್ಕೂ ಹಣ ಬೇಕು. ಆಸ್ಪತ್ರೆಯ ಕಸ ಗುಡಿಸುವ, ಬಟ್ಟೆ ಒಗೆಯುವ ಕೆಲಸಗಳನ್ನು ಚಿಕಿತ್ಸೆಯ ಹೆಸರಿನಲ್ಲಿ ರೋಗಿಗಳಿಂದ ಮಾಡಿಸುವ ಪದ್ಧತಿ ಬಳಕೆಯಲ್ಲಿತ್ತು. ಅದಕ್ಕೆ ಬದಲಾಗಿ 1972ರಲ್ಲಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿತು. ಅದೇ ಕೆಲಸಕ್ಕೆ ಈಗ ಕೂಲಿಕಾರರಿಗೆ ಸಲ್ಲುವ ವೇತನವೇ ದೊರೆಯಿತು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ, ಆಸ್ಪತ್ರೆಯ ಬಟ್ಟೆಗಾಡಿ ಎಳೆಯುತ್ತಿದ್ದ ಕುದುರೆಯ ನೆನಪಿಗೆ ಮರ ಮತ್ತು ಕಾಗದದ ಬೃಹತ್ ನೀಲಿ ಕುದುರೆಯೊಂದನ್ನು ನಿರ್ಮಿಸಿದರು. ಬಾಗಿಲಿನಲ್ಲಿ ಹಿಡಿಸದ ಅದನ್ನು ಬಾಗಿಲನ್ನೇ ಒಡೆದು ನಗರದ ಬೀದಿಗೆ ಮೆರವಣಿಗೆಯಲ್ಲಿ ತಂದರು.

1975ರಿಂದ ನಗರದ ಬಡಾವಣೆಗಳಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳು ಆರಂಭವಾದವು. ಮನೆಗಳಲ್ಲಿ ನೆಲೆಸಿದವರಿಗೆ ಸಂಕಟ ಉಲ್ಬಣಿಸಿದರೆ ಆಸ್ಪತ್ರೆಯ ಬದಲು ಸಮೀಪದಲ್ಲಿಯೇ ಆರೈಕೆ ಸಿಗುವಂತಾಯಿತು. 1977ರ ಜನವರಿಯಲ್ಲಿ ಸಾನ್ ಜೊವಾನ್ನಿಯನ್ನು ಮುಚ್ಚುವ ನಿರ್ಧಾರವನ್ನು ಬಸಾಲಿಯಾ ಪ್ರಕಟಿಸಿದರು.

1978ರ ಮೇ 13ರಂದು ಇಟಲಿಯ ಸಂಸತ್ತು 180ನೇ ಕಾನೂನನ್ನು ಅಂಗೀಕರಿಸಿತು. ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರ ಹತ್ಯೆಯಿಂದ ದೇಶ ತತ್ತರಿಸಿದ್ದ ದಿನಗಳವು. ಹೊಸ ಮಾನಸಿಕ ಆಸ್ಪತ್ರೆಗಳ ನಿರ್ಮಾಣವನ್ನು ಈ ಕಾನೂನು ನಿಷೇಧಿಸಿತು. ಸಾಮಾನ್ಯ ಆಸ್ಪತ್ರೆಗಳಲ್ಲಿ ಗರಿಷ್ಠ 15 ಹಾಸಿಗೆಗಳ ವಿಭಾಗಗಳಿಗೆ ಅವಕಾಶ ನೀಡಿತು. ಕರಡನ್ನು ಬಸಾಲಿಯಾ ಬರೆಯಲಿಲ್ಲವಾದರೂ ಕಾನೂನು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಅದರ ಫಲ ಕಾಣಲು ಅವರು ಹೆಚ್ಚು ಕಾಲ ಉಳಿಯಲಿಲ್ಲ. 1979ರಲ್ಲಿ ರೋಮ್ ನಗರಕ್ಕೆ ತೆರಳಿದ ಅವರು ಮೆದುಳಿನ ಗೆಡ್ಡೆಯಿಂದ ಬಳಲಿ, 1980ರ ಆಗಸ್ಟ್ 29ರಂದು ವೆನಿಸ್‌ನಲ್ಲಿ ನಿಧನರಾದರು. ಆಗ ಅವರ ವಯಸ್ಸು 56.

ಕಾನೂನು ಎಲ್ಲೆಡೆ ಸಮನಾಗಿ ಜಾರಿಯಾಗಲಿಲ್ಲ. ಮನೆ, ಕೇಂದ್ರ, ಸಿಬ್ಬಂದಿಗಳ ಏರ್ಪಾಡಿಲ್ಲದ ಪ್ರಾಂತ್ಯಗಳಲ್ಲಿ ಆರೈಕೆಯ ಹೊರೆ ಕುಟುಂಬಗಳ ಹೆಗಲೇರಿತು. ಹಳೆಯ ಆಸ್ಪತ್ರೆಗಳು ಪೂರ್ಣವಾಗಿ ಮುಚ್ಚಲು ಇಪ್ಪತ್ತು ವರ್ಷಗಳೇ ಬೇಕಾದವು. 1983ರಲ್ಲಿ ಸೆನೆಟ್ ಪ್ರವೇಶಿಸಿದ ಫ್ರಾಂಕಾ ಒಂಗಾರೋ, ಕಾನೂನು ಕಾಗದದಲ್ಲಿಯೇ ಉಳಿಯದಂತೆ ನೋಡಿಕೊಳ್ಳಲು ಶ್ರಮಿಸಿದರು. 2005ರಲ್ಲಿ ಅವರೂ ತೀರಿಕೊಂಡರು.

ಸಾನ್ ಜೊವಾನ್ನಿ ಈಗ ಎಲ್ಲರಿಗೂ ತೆರೆದ ಉದ್ಯಾನ. ಒಂದು ಕಾಲದಲ್ಲಿ ಒಳಗಿದ್ದವರು ಹೊರಬರಲಾಗದಿದ್ದ ಆ ಆವರಣದಲ್ಲಿ ಇಂದು ಊರಿನವರು ವಾಯುವಿಹಾರಕ್ಕೆ ಬರುತ್ತಾರೆ.