ಹೆನ್ರಿ ಮೌಡ್ಸ್‌ಲಿ

ಹೆನ್ರಿ ಮೌಡ್ಸ್‌ಲಿ (ಆಗಸ್ಟ್ 22, 1771 – ಫೆಬ್ರವರಿ 14, 1831) ಇಂಗ್ಲೆಂಡಿನ ಪ್ರಸಿದ್ಧ ಯಂತ್ರನಿರ್ಮಾಪಕ. ತಿರುಪು ಕೊರೆಯುವ ಲೇತ್ ಯಂತ್ರವನ್ನು ಕಾರ್ಖಾನೆಗಳ ನಿತ್ಯಬಳಕೆಗೆ ಒಗ್ಗಿಸಿದವರಲ್ಲಿ ಈತ ಅಗ್ರಗಣ್ಯ.

ಬಾಲ್ಯ ಮತ್ತು ವೃತ್ತಿ

ಮೌಡ್ಸ್‌ಲಿ ಲಂಡನ್ ಸಮೀಪದ ವೂಲಿಚ್‌ನಲ್ಲಿ ಜನಿಸಿದ. 12ನೆಯ ವಯಸ್ಸಿನಲ್ಲೇ ಅಲ್ಲಿನ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ಅನಂತರ ಮರಗೆಲಸದ ವಿಭಾಗಕ್ಕೂ ಅಲ್ಲಿಂದ ಕುಲುಮೆಗೂ ಹೋದ. 1789ರಲ್ಲಿ, ಬೀಗಗಳ ತಯಾರಿಕೆಗೆ ಹೆಸರಾಗಿದ್ದ ಜೋಸೆಫ್ ಬ್ರಾಮಾನ ಕಾರ್ಯಾಗಾರವನ್ನು ಸೇರಿ, ಬೀಗದ ಭಾಗಗಳನ್ನು ತಯಾರಿಸುವ ಯಂತ್ರಗಳನ್ನು ನಿರ್ಮಿಸಿದ. ಮೇಸ್ತ್ರಿಯ ಹುದ್ದೆಗೇರಿದರೂ ವಾರಕ್ಕೆ 30 ಷಿಲಿಂಗ್ ವೇತನ ಸಂಸಾರಕ್ಕೆ ಸಾಲುತ್ತಿರಲಿಲ್ಲ. 1797ರಲ್ಲಿ ವೇತನ ಹೆಚ್ಚಿಸುವಂತೆ ಮಾಡಿದ ಕೋರಿಕೆಯನ್ನು ಬ್ರಾಮಾ ನಿರಾಕರಿಸಿದುದರಿಂದ ಕೆಲಸ ತೊರೆದು ಸ್ವಂತ ಕಾರ್ಯಾಗಾರ ತೆರೆದ.

ಲೇತ್ ಯಂತ್ರ

ಆ ಕಾಲದಲ್ಲಿ ಲೇತ್ ಕೆಲಸಗಾರರು ಸಾಮಾನ್ಯವಾಗಿ ಉಳಿಯನ್ನು ಕೈಯಲ್ಲೇ ಹಿಡಿದು ತಿರುಗುವ ಲೋಹಕ್ಕೆ ಒತ್ತುತ್ತಿದ್ದರು. ಕೈ ಅಲುಗಿದರೆ ಮೇಲ್ಮೈಯೂ ಕೆಡುತ್ತಿತ್ತು. ಮೌಡ್ಸ್‌ಲಿಯ ಯಂತ್ರದಲ್ಲಿ ಉಳಿಯನ್ನು ಜಾರುಪೀಠಕ್ಕೆ ಬಿಗಿಯಲಾಗುತ್ತಿತ್ತು. ಲೋಹ ತಿರುಗುತ್ತಿರುವಾಗ ಉಳಿ ಅದರ ಅಕ್ಷಕ್ಕೆ ಸಮಾನಾಂತರವಾಗಿ ಚಲಿಸಿದರೆ ಉರುಳೆಯಾಕಾರದ ಮೇಲ್ಮೈಯೂ, ಲಂಬವಾಗಿ ಚಲಿಸಿದರೆ ಚಪ್ಪಟೆ ಮುಖವೂ ಉಂಟಾಗುತ್ತದೆ. ಲೋಹದ ಪ್ರತಿ ಸುತ್ತಿಗೂ ಉಳಿ ನಿಗದಿತ ದೂರ ಮುಂದೆ ಸಾಗಿದರೆ ತಿರುಪಿನ ಎಳೆ ಮೂಡುತ್ತದೆ. ಈ ಎರಡು ಚಲನೆಗಳನ್ನು ಹಲ್ಲುಗಾಲಿಗಳೂ ಒಂದು ಉದ್ದನೆಯ ತಿರುಪೂ ಜೋಡಿಸುತ್ತಿದ್ದವು. ಹಲ್ಲುಗಾಲಿಗಳನ್ನು ಬದಲಿಸಿ ಬೇರೆ ಬೇರೆ ಅಂತರದ ಎಳೆಗಳನ್ನು ಕೊರೆಯಬಹುದಾಗಿತ್ತು.

ಜಾರುಪೀಠವಾಗಲಿ ಮಾರ್ಗದರ್ಶಿ ತಿರುಪಾಗಲಿ ಈತನ ಮೂಲ ಕಲ್ಪನೆಯಲ್ಲ. ಇವುಗಳನ್ನು ದೃಢವಾದ ಲೋಹದ ಯಂತ್ರದಲ್ಲಿ ಒಂದುಗೂಡಿಸಿದ್ದು ಈತನ ಸಾಧನೆ. ಮಾರ್ಗದರ್ಶಿ ತಿರುಪಿನಲ್ಲಿ ದೋಷವಿದ್ದರೆ ಅದು ಕೊರೆದ ತಿರುಪಿಗೂ ಇಳಿಯುತ್ತದೆ. ಆದ್ದರಿಂದ ನಿರ್ದೋಷ ತಿರುಪು, ಸಮತಟ್ಟಾದ ಲೋಹಫಲಕ ಮತ್ತು ಸೂಕ್ಷ್ಮ ಅಳತೆಗಳಿಗಾಗಿ ಈತ ಜೀವನಪರ್ಯಂತ ಶ್ರಮಿಸಿದ.

ಪೋರ್ಟ್ಸ್‌ಮತ್ ಯಂತ್ರಗಳು

ಮಾರ್ಕ್ ಬ್ರುನೆಲ್ ಯೋಜಿಸಿದಂತೆ, ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ ಮರದ ರಾಟೆಗಳನ್ನು ತಯಾರಿಸುವ ಸುಮಾರು 45 ಯಂತ್ರಗಳನ್ನು ಮೌಡ್ಸ್‌ಲಿ ನಿರ್ಮಿಸಿಕೊಟ್ಟ. 1808ರ ವೇಳೆಗೆ 110 ಮಂದಿ ಕುಶಲಿಗರ ಕೆಲಸವನ್ನು 10 ಮಂದಿ ಸಾಮಾನ್ಯ ಕಾರ್ಮಿಕರೇ ನಿರ್ವಹಿಸುವಂತಾಯಿತು. ಉತ್ಪಾದನೆ ಹೆಚ್ಚಿತು, ಆದರೆ ಕೈಚಳಕವನ್ನೇ ನಂಬಿದ್ದ ಕುಶಲಿಗರ ಅಗತ್ಯ ಕುಗ್ಗಿತು.

ಕೊನೆಯ ದಿನಗಳು

1831ರಲ್ಲಿ ಫ್ರಾನ್ಸಿನಿಂದ ಹಿಂತಿರುಗುವಾಗ ಶೀತ ತಗುಲಿ ಮೌಡ್ಸ್‌ಲಿ ನಿಧನನಾದ. ವೂಲಿಚ್‌ನಲ್ಲಿ, ತಾನೇ ವಿನ್ಯಾಸಗೊಳಿಸಿದ್ದ ಎರಕದ ಕಬ್ಬಿಣದ ಸಮಾಧಿಯಲ್ಲಿ ಈತನನ್ನು ಹೂಳಲಾಯಿತು. ಜೋಸೆಫ್ ವಿಟ್ವರ್ತ್, ಜೇಮ್ಸ್ ನಾಸ್ಮಿತ್, ರಿಚರ್ಡ್ ರಾಬರ್ಟ್ಸ್ ಮೊದಲಾದ ಹೆಸರಾಂತ ಯಂತ್ರಶಿಲ್ಪಿಗಳು ಈತನ ಕಾರ್ಯಾಗಾರದಲ್ಲಿ ಪಳಗಿದವರು.