ಹೊಳೆನರಸೀಪುರದ ವೇದಾಂತಿ ಸಚ್ಚಿದಾನಂದೇಂದ್ರ ಸರಸ್ವತಿ

ಹೊಳೆನರಸೀಪುರ ಎಂದೊಡನೆ ನಾಡಿನ ಓದುಗರಿಗೆ ರಾಜಕಾರಣ ನೆನಪಾಗುವುದು ಸಹಜ. ಆದರೆ ಹೇಮಾವತಿ ದಂಡೆಯ ಈ ಊರನ್ನು ವಿದೇಶಗಳ ತತ್ತ್ವಶಾಸ್ತ್ರಜ್ಞರು ಬಲ್ಲದ್ದು ಬೇರೊಂದು ಕಾರಣಕ್ಕೆ. ಅದು ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಊರು.

1880ರಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಯಲ್ಲಂಬಳಸೆ ಸುಬ್ಬರಾಯ. ವೃತ್ತಿಯಿಂದ ಶಾಲಾ ಉಪಾಧ್ಯಾಯರು, ಗೃಹಸ್ಥರು. ಕೆ.ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಒಡನಾಟದಲ್ಲಿ ವೇದಾಂತ ವಿಚಾರದತ್ತ ಹೊರಳಿದ ಅವರು 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು.

ವಿದ್ವತ್ ವಲಯದಲ್ಲಿ ಕೋಲಾಹಲವೆಬ್ಬಿಸಿದ್ದು 1929ರ ಸಂಸ್ಕೃತ ಗ್ರಂಥ 'ಮೂಲಾವಿದ್ಯಾನಿರಾಸ'. ಹಗ್ಗವನ್ನು ಹಾವೆಂದು ಬಗೆಯುವುದಕ್ಕೆ ತಪ್ಪು ತಿಳಿವಳಿಕೆಯೊಂದೇ ಸಾಕೇ, ಅಥವಾ ಅದರ ಹಿಂದೆ ಅನಾದಿಯಾದ ಅಜ್ಞಾನವೆಂಬ ಇನ್ನೊಂದು ಕಾರಣವೂ ಇರಬೇಕೇ? ಇರಬೇಕೆಂಬುದು ಪಂಚಪಾದಿಕಾ ವಿವರಣದ ಪಂಥ ಶತಮಾನಗಳಿಂದ ಪಾಠ ಹೇಳಿಕೊಂಡು ಬಂದ ಮತ. ಅದಕ್ಕೆ ಮೂಲಾವಿದ್ಯೆ ಎಂದು ಹೆಸರು. ಶಂಕರರ ಭಾಷ್ಯದಲ್ಲಿ ಇಂಥದೊಂದು ವಸ್ತುವೇ ಇಲ್ಲ, ಆತ್ಮ ಅನಾತ್ಮಗಳನ್ನು ಒಂದರಲ್ಲೊಂದು ಬೆರೆಸಿ ತಿಳಿಯುವ ಅಧ್ಯಾಸವೇ ಅವಿದ್ಯೆ ಎಂದು ಸುಬ್ಬರಾಯರು ವಾದಿಸಿದರು. ಗಾಢನಿದ್ರೆಯಲ್ಲಿ ಅಧ್ಯಾಸವಿಲ್ಲ, ಆದ್ದರಿಂದ ಅಲ್ಲಿ ಅವಿದ್ಯೆಯೂ ಇಲ್ಲ ಎಂಬುದು ಅದರ ಮುಂದಿನ ಹೆಜ್ಜೆ. ಹೊರನೋಟಕ್ಕೆ ಕೂದಲು ಸೀಳುವ ತರ್ಕದಂತೆ ಕಂಡರೂ ಪರಿಣಾಮ ಚಿಕ್ಕದಲ್ಲ: ಈ ಮಾತು ನಿಜವಾದರೆ ಪಾಠಶಾಲೆಗಳು ಶಂಕರರದೆಂದು ಕಲಿಸುತ್ತಿದ್ದುದರಲ್ಲಿ ಬಹುಭಾಗ ವ್ಯಾಖ್ಯಾನಕಾರರದು. ಸಾಂಪ್ರದಾಯಿಕ ಪಂಡಿತರು ತೀವ್ರವಾಗಿ ಖಂಡಿಸಿದರು. ಸುಬ್ಬರಾಯರು ಹಿಂಜರಿಯಲಿಲ್ಲ. ಹಾಗೆಂದು ಅವರು ಸಂಪ್ರದಾಯದ ವಿರೋಧಿಯಾಗಿರಲಿಲ್ಲ. ಗೌಡಪಾದರನ್ನೂ ಸುರೇಶ್ವರರನ್ನೂ ಅವರು ಶಂಕರರ ಜತೆಯಲ್ಲಿಯೇ ಪ್ರಮಾಣವಾಗಿ ಸ್ವೀಕರಿಸಿದ್ದರು.

1937ರಲ್ಲಿ ಕಾರ್ಯಾಲಯ ಹೊಳೆನರಸೀಪುರಕ್ಕೆ ಬಂದಿತು. 1948ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿದರು. ಉಪನಿಷತ್ತು, ಗೀತೆ ಮತ್ತು ಬ್ರಹ್ಮಸೂತ್ರಗಳ ಶಾಂಕರಭಾಷ್ಯವನ್ನು ಕನ್ನಡಕ್ಕೆ ತಂದದ್ದು, ವಾದವಿವಾದಗಳ ಗದ್ದಲದಲ್ಲಿ ಮರೆಯಾದರೂ, ಸಾಮಾನ್ಯ ಓದುಗನಿಗೆ ಅವರಿಂದ ಸಂದ ದೊಡ್ಡ ಉಪಕಾರ. ಕನ್ನಡ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಅವರ ಕೃತಿಗಳು ಇನ್ನೂರರ ಆಸುಪಾಸಿನಲ್ಲಿವೆ.

ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಹ್ಯಾಕರ್ ಕೂಡ, ಪದಪ್ರಯೋಗಗಳ ಪರಿಶೀಲನೆಯಿಂದ, ಅವಿದ್ಯೆಯ ವಿಷಯದಲ್ಲಿ ಶಂಕರರಿಗೂ ಅನಂತರದ ಅದ್ವೈತಿಗಳಿಗೂ ವ್ಯತ್ಯಾಸವಿದೆಯೆಂದು ತೋರಿಸಿದ್ದು ಗಮನಾರ್ಹ.

84ರ ವಯಸ್ಸಿನಲ್ಲಿ, 1964ರಲ್ಲಿ, ಸ್ವಾಮಿಗಳು 'ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ' ಎಂಬ ಮೇರುಕೃತಿಯನ್ನು ಪ್ರಕಟಿಸಿದರು. ಮೊದಲು ಆರೋಪಿಸಿ ಬಳಿಕ ನಿರಾಕರಿಸುವ ಅಧ್ಯಾರೋಪಾಪವಾದವೇ ವೇದಾಂತದ ಏಕೈಕ ಬೋಧನಕ್ರಮವೆಂದು ಅದರಲ್ಲಿ ಪ್ರತಿಪಾದಿಸಿದ್ದಾರೆ. 1975ರ ಆಗಸ್ಟ್‌ನಲ್ಲಿ ಅವರು ದೇಹ ಬಿಟ್ಟರು. ಎ.ಜೆ. ಆಲ್ಸ್ಟನ್ ಮಾಡಿದ ಆ ಗ್ರಂಥದ ಇಂಗ್ಲಿಷ್ ಅನುವಾದ ಹೊರಬಂದದ್ದು ಹದಿನಾಲ್ಕು ವರ್ಷಗಳ ಅನಂತರ, 1989ರಲ್ಲಿ. ಮೂಲಾವಿದ್ಯೆಯ ಕುರಿತ ಚರ್ಚೆ ಮಾತ್ರ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.